ಮೈ ಬಗ್ಗಿದರೆ ಸಕ್ಕರೆ ತಗ್ಗೀತು



ಬೀಜ, ಗೊಬ್ಬರ, ಕೀಟಗಳ ವಿಷಯ ಹೇಳುವವನು ಇಂದು ರೋಗದ ಮಾತನ್ನೇಕೆ ಎತ್ತಿದ ಎಂದು ತಾವು ಕೇಳಬಹುದು. ಕಾರಣ ಉಂಟು. ಬೆಳೆ ಎಷ್ಟು ಚೆನ್ನಾಗಿ ಬಂದರೇನು, ಬೆಳೆಯುವವನ ಮೈ ನೆಟ್ಟಗಿಲ್ಲದಿದ್ದರೆ ಕಣಜ ತುಂಬಿಯೂ ಫಲವಿಲ್ಲ. ಆದ್ದರಿಂದ ಈ ಹೊತ್ತು ಸಕ್ಕರೆ ಕಾಯಿಲೆಯನ್ನೂ, ಅದನ್ನು ಹತೋಟಿಯಲ್ಲಿಡಲು ಮೈದುಡಿಮೆ ಹೇಗೆ ನೆರವಾಗುತ್ತದೆ ಎಂಬುದನ್ನೂ ಕುರಿತು ನಾಲ್ಕು ಮಾತು ಹೇಳುತ್ತೇನೆ.

"ಅದು ಪಟ್ಟಣದವರ ಕಾಯಿಲೆ. ಹೊಲದಲ್ಲೇ ಇರೋ ನಮಗೆಲ್ಲಿ ಬರುತ್ತೆ?" ಅಂತ ಅನೇಕರು ಹೇಳುವುದುಂಟು. ಈಗ ಹಾಗಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು, 2023ರಲ್ಲಿ ಪ್ರಕಟವಾದ ಸಮೀಕ್ಷೆಯಂತೆ ನಮ್ಮ ದೇಶದಲ್ಲಿ ಸುಮಾರು 10 ಕೋಟಿ ಜನಕ್ಕೆ ಈ ಕಾಯಿಲೆ ಇದೆ. ಕಾಯಿಲೆಯ ಹೊಸ್ತಿಲಲ್ಲಿ ನಿಂತವರು ಇದಕ್ಕೂ ಹೆಚ್ಚು. ಹೊಸ್ತಿಲಲ್ಲಿರುವವರ ಪ್ರಮಾಣದಲ್ಲಿ ಹಳ್ಳಿಗೂ ಪಟ್ಟಣಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇಲ್ಲ.

ಇದು ಹೇಗಾಯಿತು? ನೇಗಿಲ ಹಿಂದೆ ನಡೆಯುತ್ತಿದ್ದ ಕಾಲು ಈಗ ಟ್ರಾಕ್ಟರಿನ ಮೇಲೆ ಕುಳಿತಿದೆ. ಕಪಿಲೆ ಹೊಡೆಯುತ್ತಿದ್ದ ಕೈ ಪಂಪಿನ ಸ್ವಿಚ್ಚು ಒತ್ತುತ್ತಿದೆ. ರಾಗಿಕಲ್ಲು ಮೂಲೆ ಸೇರಿ, ಹಿಟ್ಟು ಗಿರಣಿಯಿಂದ ಬರುತ್ತಿದೆ. ಹೊಲಕ್ಕೆ ಹೋಗಲೂ ಮೋಟಾರು ಬೈಕು ಬೇಕು. ಇವೆಲ್ಲ ಬೇಕಾದುವೇ, ಬೇಡ ಅಂತ ನಾನು ಹೇಳುವುದಿಲ್ಲ. ಆದರೆ ದುಡಿಮೆ ತಗ್ಗಿದ ಹಾಗೆ ತಟ್ಟೆಯ ಮುದ್ದೆ, ಅನ್ನ ತಗ್ಗಲಿಲ್ಲ. ಬಿತ್ತನೆ, ಕೊಯ್ಲಿನ ಕಾಲದಲ್ಲಿ ಮೈಮುರಿಯುವ ಕೆಲಸ. ಉಳಿದ ದಿನಗಳಲ್ಲಿ ಜಗಲಿಕಟ್ಟೆ, ಚಾದಂಗಡಿ. ಬದುವಿನ ಮೇಲೆ ನಿಂತು ಆಳುಗಳಿಗೆ ಹೇಳುವುದು ಮೈದುಡಿಮೆಯ ಲೆಕ್ಕಕ್ಕೆ ಬರುವುದಿಲ್ಲ, ನೋಡಿ.

ಮೈಯೊಳಗಿನ ವ್ಯವಹಾರವನ್ನು ನೀರಾವರಿಯ ಮಾತಿನಲ್ಲಿ ಹೇಳುತ್ತೇನೆ. ಉಂಡದ್ದು ಕರಗಿ, ಸಕ್ಕರೆಯಾಗಿ ರಕ್ತವನ್ನು ಸೇರುತ್ತದೆ. ರಕ್ತವೇ ಕಾಲುವೆ, ಮಾಂಸಖಂಡಗಳೇ ಗದ್ದೆ. ಕಾಲುವೆಯಿಂದ ಗದ್ದೆಗೆ ತೂಬು ತೆರೆಯುವುದು ಇನ್ಸುಲಿನ್ ಎಂಬ ರಸ. ಮೈಗೆ ದುಡಿಮೆಯಿಲ್ಲದೆ ಹೊಟ್ಟೆಯ ಸುತ್ತ ಬೊಜ್ಜು ಬೆಳೆದರೆ ಈ ತೂಬು ಜಡ್ಡುಗಟ್ಟುತ್ತದೆ. ಗದ್ದೆಗೆ ನೀರಿಲ್ಲ, ಕಾಲುವೆ ಮಾತ್ರ ಉಕ್ಕುತ್ತದೆ. ವರ್ಷಗಟ್ಟಲೆ ಹೀಗಾದರೆ ಕಣ್ಣು, ಮೂತ್ರಪಿಂಡ, ಹೃದಯ, ಕಾಲಿನ ನರ ಎಲ್ಲ ಕೆಡುತ್ತವೆ.

ಆದರೆ ಒಂದು ಒಳ್ಳೆಯ ಸಂಗತಿ ಇದೆ. ಮಾಂಸಖಂಡ ದುಡಿಯುವಾಗ ಇನ್ಸುಲಿನ್ನಿಗೆ ಕಾಯದೆ ಸಕ್ಕರೆಯನ್ನು ತಾನೇ ಎಳೆದುಕೊಳ್ಳುತ್ತದೆ. ದುಡಿಮೆ ನಿಂತ ಮೇಲೂ ಒಂದೆರಡು ದಿನ ತೂಬು ಸಲೀಸಾಗಿರುತ್ತದೆ. ಹಾಗಾದರೆ ವ್ಯಾಯಾಮವನ್ನು ಒಮ್ಮೆಲೇ ಎರಡು ದಿನಕ್ಕಿಂತ ಹೆಚ್ಚು ಬಿಡಬಾರದು ಎಂದಾಯಿತು. ಭಾನುವಾರ ಅಂತ ದನಕ್ಕೆ ನೀರು ಕುಡಿಸದೆ ಇರುತ್ತೇವೆಯೆ?

ಇದು ಬಾಯಿಮಾತಲ್ಲ. ಚೆನ್ನೈನಲ್ಲಿ ಡಾ. ಎ. ರಾಮಚಂದ್ರನ್ ಮತ್ತು ಅವರ ಸಂಗಡಿಗರು ಕಾಯಿಲೆಯ ಹೊಸ್ತಿಲಲ್ಲಿದ್ದ 531 ಜನರನ್ನು ಪರೀಕ್ಷಿಸಿ, 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೂರು ವರ್ಷದೊಳಗೆ, ವಿಶೇಷ ಸಲಹೆಯಿಲ್ಲದವರಲ್ಲಿ ನೂರಕ್ಕೆ 55 ಮಂದಿಗೆ ಕಾಯಿಲೆ ಬಂತು. ಊಟದಲ್ಲಿ ಹಿತಮಿತ, ದಿನಕ್ಕೆ ಅರ್ಧ ಗಂಟೆ ನಡಿಗೆ ಎಂಬ ಸಲಹೆ ಪಡೆದವರಲ್ಲಿ ಬಂದದ್ದು ಸುಮಾರು 39 ಮಂದಿಗೆ.

ಇನ್ನು ನಾವು ಮಾಡಬೇಕಾದ್ದೇನು? ವಾರಕ್ಕೆ ಐದು ದಿನವಾದರೂ ದಿನಕ್ಕೆ 30 ನಿಮಿಷ ಚುರುಕಾಗಿ ನಡೆಯಿರಿ. ಮಾತನಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ಚುರುಕು. ಒಟ್ಟಿಗೆ ಆಗದಿದ್ದರೆ ಮೂರು ಹೊತ್ತು ಊಟವಾದ ಮೇಲೆ ಹತ್ತು ಹತ್ತು ನಿಮಿಷ ನಡೆದರೂ ಆದೀತು. ಉಂಡೊಡನೆ ಏರುವ ಸಕ್ಕರೆ ಇದರಿಂದ ತಗ್ಗುತ್ತದೆ. ಜೊತೆಗೆ ವಾರಕ್ಕೆ ಎರಡು ದಿನ ಗುದ್ದಲಿ ಹಿಡಿದು ಅಗೆಯುವುದು, ಸೌದೆ ಒಡೆಯುವುದು ಮುಂತಾದ ಬಲದ ಕೆಲಸ ಇರಲಿ. ಮನೆಯ ಹೆಂಗಸರು ಬೆಳಗಿನಿಂದ ದುಡಿಯುತ್ತಾರೆ, ನಿಜ. ಆದರೂ ಬಹುಪಾಲು ಒಲೆಯ ಮುಂದಿನ ಕೆಲಸ. ಗಂಡಸರು ಸಂಜೆ ಅರ್ಧ ಗಂಟೆ ಕೊಟ್ಟಿಗೆಯನ್ನೋ ಮಗುವನ್ನೋ ನೋಡಿಕೊಂಡರೆ ಅವರೂ ನಡೆದು ಬಂದಾರು.

ಆಗಲೇ ಕಾಯಿಲೆ ಇರುವವರಿಗೆ ಕೆಲವು ಎಚ್ಚರಿಕೆಗಳು. ನಡೆಯುತ್ತೇನೆ ಅಂತ ಮಾತ್ರೆಯನ್ನಾಗಲಿ, ಸೂಜಿಮದ್ದನ್ನಾಗಲಿ ತಾವಾಗಿಯೇ ನಿಲ್ಲಿಸಬೇಡಿ. ಕೆಲವು ಮಾತ್ರೆ ನುಂಗುವವರಿಗೆ, ಇನ್ಸುಲಿನ್ ಚುಚ್ಚಿಸಿಕೊಳ್ಳುವವರಿಗೆ ದುಡಿಮೆಯಲ್ಲಿ ಸಕ್ಕರೆ ತೀರಾ ಇಳಿಯಬಹುದು. ಬೆವರು, ಕೈನಡುಕ, ಕಣ್ಣು ಕತ್ತಲೆ ಬಂದರೆ ಕೂಡಲೇ ಕೂತು, ಮೂರು ಚಮಚೆ ಸಕ್ಕರೆ ತಿನ್ನಿ. ಸಕ್ಕರೆಯ ಪೊಟ್ಟಣ ಸದಾ ಜೇಬಿನಲ್ಲಿರಲಿ. ಬರಿಗಾಲಲ್ಲಿ ಹೊಲಕ್ಕಿಳಿಯಬೇಡಿ. ಜೋಮುಗಟ್ಟಿದ ಪಾದಕ್ಕೆ ಮುಳ್ಳು ಚುಚ್ಚಿದ್ದೂ ತಿಳಿಯುವುದಿಲ್ಲ. ಹುಣ್ಣಾಗಿ ಕಾಲನ್ನೇ ಕತ್ತರಿಸಬೇಕಾದೀತು. ರಾತ್ರಿ ಮಲಗುವ ಮುನ್ನ ಅಂಗಾಲನ್ನು ನೋಡಿಕೊಳ್ಳಿ, ಕಾಣದಿದ್ದರೆ ಮನೆಯವರಿಗೆ ತೋರಿಸಿ. ನಡೆಯುವಾಗ ಎದೆನೋವು ಬರುವವರು ಮೊದಲು ವೈದ್ಯರನ್ನು ಕಾಣಬೇಕು.

ಈ ಕಾಯಿಲೆ ಬಹುಕಾಲ ಸದ್ದಿಲ್ಲದೆ ಇರುತ್ತದೆ. ಆದ್ದರಿಂದ 30 ವರ್ಷ ದಾಟಿದವರು, ಅದರಲ್ಲೂ ತಂದೆ ತಾಯಿಗೆ ಕಾಯಿಲೆ ಇದ್ದವರು, ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ. ಬೆಳಗ್ಗೆ ಬರಿಹೊಟ್ಟೆಯಲ್ಲಿ 100ರೊಳಗಿದ್ದರೆ ಕ್ಷೇಮ. 100ರಿಂದ 125 ಇದ್ದರೆ ಹೊಸ್ತಿಲು. 126 ಅಥವಾ ಅದಕ್ಕೂ ಹೆಚ್ಚಿದ್ದರೆ ಇನ್ನೊಮ್ಮೆ ಪರೀಕ್ಷಿಸಿ ವೈದ್ಯರು ಕಾಯಿಲೆಯನ್ನು ಖಚಿತಪಡಿಸುತ್ತಾರೆ.

ಹೊಲಕ್ಕೆ ಮಣ್ಣು ಪರೀಕ್ಷೆ ಮಾಡಿಸಿದ ಹಾಗೆಯೇ ಇದೂ. ಹೊಸ್ತಿಲಲ್ಲಿರುವಾಗಲೇ ಹಿಂದಿರುಗುವುದು ಸುಲಭ. ಇವತ್ತು ರಾತ್ರಿ ಉಂಡಾದ ಮೇಲೆ ಬೇಗ ಹಾಸಿಗೆ ಹಿಡಿಯದೆ, ಚಪ್ಪಲಿ ಮೆಟ್ಟಿ, ಮನೆಮಂದಿಯೆಲ್ಲ ಊರಬಾಗಿಲ ತನಕ ಹೋಗಿಬನ್ನಿ.