ಸೇನಾ ತರಬೇತಿಯ ಆ ದಿನಗಳು

(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣ)



ನಮ್ಮ ಸಭೆಗಳಲ್ಲಿ ಸೈನ್ಯದ ಮಾತು ಬಂದರೆ ಮೊದಲು ನೆನಪಾಗುವವರು ಹವಾಲ್ದಾರ್ ಅಬ್ದುಲ್ ಹಮೀದ್. 1965ರ ಸೆಪ್ಟೆಂಬರಿನಲ್ಲಿ ಪಂಜಾಬಿನ ಖೇಮಕರಣ್ ಪ್ರದೇಶದಲ್ಲಿ ಜೀಪಿಗೆ ಜೋಡಿಸಿದ ಗನ್ನಿನಿಂದ ಶತ್ರು ಟ್ಯಾಂಕುಗಳನ್ನು ನಾಶಮಾಡಿ ಹುತಾತ್ಮರಾದ ಅವರಿಗೆ ಮರಣೋತ್ತರವಾಗಿ ಪರಮವೀರ ಚಕ್ರ ಸಂದಿತು. ಅವರು ಸೇನೆಗೆ ಸೇರಿದ್ದು 1954ರಲ್ಲಿ. ಅವರೂ ಮೊದಲ ದಿನ ಒಬ್ಬ ರಂಗರೂಟನೇ. ನಾನು ಹೇಳಲಿರುವುದು ಆ ರಂಗರೂಟಿನ ಬದುಕಿನ ಬಗ್ಗೆ, ಅದೂ ನನ್ನದೇ ಕಥೆ. ಅದರಲ್ಲಿ ಶೌರ್ಯವೇನೂ ಇಲ್ಲ.

ನಾನು ಭರ್ತಿಯಾದದ್ದು 2005ರಲ್ಲಿ, ಪಿಯುಸಿ ಮುಗಿಸಿ. ಬೆಳಗಿನ ಜಾವ ಸೀಟಿ ಊದುತ್ತಿದ್ದಂತೆ ಏಳಬೇಕು, ಗಡ್ಡ ಬೋಳಿಸಿ ಮೈದಾನದಲ್ಲಿ ಸಾಲುಗಟ್ಟಬೇಕು. ಪಿ.ಟಿ., ಡ್ರಿಲ್, ಶಸ್ತ್ರಪಾಠ, ಮತ್ತೆ ಓಟ. ಅಡುಗೆಮನೆಗೆ ಅಲ್ಲಿ ಲಂಗರ್ ಎನ್ನುತ್ತಾರೆ. ಕಲಿಸುವವರನ್ನು ಉಸ್ತಾದ್ ಎನ್ನುತ್ತಾರೆ! ಮದರಸಾದಲ್ಲಿ ಒಬ್ಬ ಉಸ್ತಾದರಿಗೆ ಹೆದರಿ ಬೆಳೆದ ನನಗೆ ಅಲ್ಲಿ ಹತ್ತಾರು ಉಸ್ತಾದರು. ಒಬ್ಬನ ಬೂಟಿಗೆ ಪಾಲಿಶ್ ಇಲ್ಲದಿದ್ದರೆ ಇಡೀ ಸ್ಕ್ವಾಡಿಗೆ ಶಿಕ್ಷೆ. ಅದಕ್ಕೆ ರಗಡಾ ಎಂದು ಹೆಸರು. ಮೊದಮೊದಲು ಇದು ಅನ್ಯಾಯವೆನಿಸುತ್ತಿತ್ತು. ಆಮೇಲೆ ಪಕ್ಕದವನ ಬೂಟನ್ನು ನಾವೇ ನೋಡತೊಡಗಿದೆವು.

ಎಲ್ಲಕ್ಕಿಂತ ಕಠಿಣವಾದದ್ದು ಬಿ.ಪಿ.ಇ.ಟಿ. ಎಂಬ ಪರೀಕ್ಷೆ. ರೈಫಲ್ ಹಿಡಿದು, ಬೆನ್ನಿಗೆ ಪಿಟ್ಟು ಎಂಬ ಹೊರೆ ಕಟ್ಟಿಕೊಂಡು 5 ಕಿಲೋಮೀಟರ್ ಓಡಬೇಕಿತ್ತು. 60 ಮೀಟರ್ ವೇಗದ ಓಟ, ಹಗ್ಗ ಹತ್ತುವುದು, 9 ಅಡಿ ಅಗಲದ ಹಳ್ಳ ಹಾರುವುದು ಬೇರೆ. ಇದರ ಅಭ್ಯಾಸ ಶುರುವಾದ ಮೇಲೆ ನನ್ನ ಎಡಗಾಲಿನಲ್ಲಿ, ಮೊಣಕಾಲಿನ ಕೆಳಗೆ ಮುಂಭಾಗದ ಮೂಳೆಯಲ್ಲಿ ನೋವು ಕಾಣಿಸಿಕೊಂಡಿತು. ಯಾರಿಗೂ ಹೇಳಲಿಲ್ಲ. ಹೇಳಿದರೆ ಮನೆಗೆ ಕಳಿಸುತ್ತಾರೆಂಬ ಭಯ. ನಮ್ಮ ಅಬ್ಬಾ ಸೈಕಲ್ ರಿಪೇರಿ ಮಾಡುವವರು. ನನ್ನ ಸಂಬಳವನ್ನು ನಂಬಿ ಅಕ್ಕನ ಮದುವೆ ಗೊತ್ತುಮಾಡಿದ್ದರು. ಪಕ್ಕದ ಮಂಚದಲ್ಲಿ ಮಂಡ್ಯದ ಕಡೆಯ ಹುಡುಗನೊಬ್ಬನಿದ್ದ. ಅವನಿಗೆ ಹಿಂದಿ ಬರುತ್ತಿರಲಿಲ್ಲ, ನಾನು ಹೇಳಿಕೊಡುತ್ತಿದ್ದೆ. "ಹಿಂಗೆ ಕುಂಟ್ಕೊಂಡು ಎಷ್ಟು ದಿನ ಓಡ್ತೀಯ? ಉಸ್ತಾದ್‌ಗೆ ಹೇಳ್ಬಿಡೋ" ಎಂದು ಬೈಯುತ್ತಿದ್ದ. ನಾನು ಕೇಳಲಿಲ್ಲ. ಮೂರು ವಾರ ಹಾಗೆಯೇ ಓಡಿದೆ. ಒಂದು ಬೆಳಿಗ್ಗೆ ಓಟದ ಮಧ್ಯೆ ಕುಸಿದುಬಿದ್ದೆ.

ಮೂಳೆ ಬಿರುಕು ಬಿಟ್ಟಿತ್ತು. ಸ್ಟ್ರೆಸ್ ಫ್ರ್ಯಾಕ್ಚರ್ ಎನ್ನುತ್ತಾರೆ; ಒಂದೇ ಪೆಟ್ಟಿಗಲ್ಲ, ಪದೇ ಪದೇ ಬೀಳುವ ಪೆಟ್ಟಿಗೆ ಆಗುವಂಥದ್ದು. ಮೊದಲೇ ಹೇಳಿದ್ದರೆ ಕೆಲವು ವಾರಗಳ ವಿಶ್ರಾಂತಿಯಲ್ಲಿ ಮುಗಿಯುತ್ತಿತ್ತು ಎಂದರು ಡಾಕ್ಟರು. ಓಡುವ ರೂಢಿಯಿಲ್ಲದೆ ಬಂದ ಹುಡುಗರಿಗೇ ಇದು ಹೆಚ್ಚು ಎಂದೂ ಹೇಳಿದರು. ನಾನು ಭರ್ತಿಗೆ ಮೊದಲು ಓಡಿದ್ದು ಹದಿನೈದೇ ದಿನ, ಅದೂ ಡಾಂಬರು ರಸ್ತೆಯಲ್ಲಿ, ಹವಾಯಿ ಚಪ್ಪಲಿಯಲ್ಲಿ! 2022ರಿಂದ ಹುಡುಗರು ಅಗ್ನಿವೀರರಾಗಿ 4 ವರ್ಷಕ್ಕೆ ಸೇರುತ್ತಾರೆ, ಅವರಲ್ಲಿ ಶೇ. 25ರವರೆಗೆ ಮಾತ್ರ ಮುಂದುವರಿಯುತ್ತಾರೆ. ಈಗ ಮೊದಲು ಆನ್‌ಲೈನ್ ಲಿಖಿತ ಪರೀಕ್ಷೆ, ಆಮೇಲೆ 1.6 ಕಿಲೋಮೀಟರ್ ಓಟ. ಹೋಗುವ ಮನಸ್ಸಿದ್ದವರು ಆರು ತಿಂಗಳು ಮೊದಲೇ, ಮಣ್ಣಿನ ನೆಲದಲ್ಲಿ, ಒಳ್ಳೆಯ ಬೂಟು ಹಾಕಿಕೊಂಡು ನಿಧಾನವಾಗಿ ಶುರುಮಾಡಿ.

ನನ್ನನ್ನು ಮನೆಗೆ ಕಳಿಸಲಿಲ್ಲ. ಹಿಂದಿನ ಬ್ಯಾಚಿಗೆ ಹಾಕಿದರು, ಅಷ್ಟೆ. ಆದರೆ ನನ್ನ ಜೊತೆಯವರು ಕಸಮ್ ಪರೇಡ್ ಮುಗಿಸಿ ಹೋಗುವುದನ್ನು ಊರುಗೋಲು ಹಿಡಿದು ದೂರದಿಂದ ನೋಡಿದೆನಲ್ಲ, ಆ ದಿನ ಬಿಟ್ಟುಹೋಗಲು ನಿಶ್ಚಯಿಸಿದ್ದೆ. ಅಬ್ಬಾಗೆ ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿ ಮೊದಲ ಬಾರಿಗೆ ಎಲ್ಲವನ್ನೂ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮದುವೆ ಮುಂದಕ್ಕೆ ಹಾಕೋಣ ಬೇಟಾ, ಕಾಲು ನೋಡಿಕೋ" ಎಂದರು.

ನೀವು ಕೇಳಬೇಕೆಂದಿರುವ ಪ್ರಶ್ನೆ ನನಗೆ ಗೊತ್ತು. ನಮಾಜು? ಜಮಾಅತ್ ದಿನವೂ ಸಿಗುತ್ತಿರಲಿಲ್ಲ. ಮಂಚದ ಪಕ್ಕ ಜಾಗ ಮಾಡಿಕೊಂಡು ಮಾಡುತ್ತಿದ್ದೆ, ಯಾರೂ ಅಡ್ಡಿಪಡಿಸಲಿಲ್ಲ. ಆ ವರ್ಷದ ರಂಜಾನ್ ನನಗೆ ಆಸ್ಪತ್ರೆಯಲ್ಲಿ ಬಂತು. ಸೈನ್ಯದಲ್ಲಿ ಪಂಡಿತ, ಗ್ರಂಥಿ, ಪಾದ್ರಿಗಳಂತೆ ಮೌಲ್ವಿಯವರೂ ಧರ್ಮಗುರುಗಳಾಗಿರುತ್ತಾರೆ. ನಮ್ಮ ಮೌಲ್ವಿ ಸಾಹೇಬರು, ಔಷಧಿ ತೆಗೆದುಕೋ, ಗುಣವಾದ ಮೇಲೆ ಕಝಾ ಹಿಡಿ ಎಂದರು. ಗಡ್ಡ ಬಿಡಲು ಮಾತ್ರ ನಮಗೆ ಅವಕಾಶವಿಲ್ಲ. ವಾಯುಪಡೆಯ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು 2016ರಲ್ಲಿ ಅಂಥದೇ ನಿಯಮವನ್ನು ಎತ್ತಿಹಿಡಿಯಿತು. ಇದನ್ನು ತಿಳಿದುಕೊಂಡೇ ಹೋಗಿ.

ಕೊನೆಗೆ ನನ್ನ ಕಸಮ್ ಪರೇಡ್ ಕೂಡ ಬಂತು. ಗೀತೆ, ಬೈಬಲ್, ಗುರುಗ್ರಂಥಗಳ ಜೊತೆ ಕುರ್‌ಆನ್ ಕೂಡ ಇತ್ತು. ಅದರ ಸಾಕ್ಷಿಯಾಗಿ ಪ್ರಮಾಣ ಮಾಡಿದೆ. ಅಬ್ಬಾ ಬಂದಿದ್ದರು. ಪರೇಡ್ ಮುಗಿದ ಮೇಲೆ ಓಡಿಹೋಗಿ ಸಲಾಂ ಹೇಳಿದರೆ, ಅವರು ಪದಕ ಬಿಲ್ಲೆ ಯಾವುದನ್ನೂ ನೋಡಲಿಲ್ಲ. ಎಲ್ಲರೆದುರು ಕೆಳಗೆ ಕೂತು ನನ್ನ ಪ್ಯಾಂಟಿನ ಮೇಲೆಯೇ ಎಡಗಾಲನ್ನು ಒತ್ತಿ ನೋಡಿ, "ಇನ್ನೂ ನೋಯುತ್ತಾ?" ಎಂದು ಕೇಳಿದರು. ಸ್ವಲ್ಪ ನೋಯುತ್ತಿತ್ತು. ಹೌದು ಎಂದೆ.