ದಾರಿಬದಿಯ ಹೂವಿಗೂ ಕನ್ನಡದ ಹೆಸರಿದೆ

(ಮಂಗಳವೇಢೆಯ ಪಾಲಕರ ಸಭೆಯಲ್ಲಿ ಕನ್ನಡ ಮಾಧ್ಯಮದ ಶಿಕ್ಷಕರೊಬ್ಬರು ಆಡಿದ ಮಾತುಗಳು)



ನಮ್ಮ ಸಭೆಗಳಲ್ಲಿ ಪಠ್ಯಪುಸ್ತಕ, ಶಿಕ್ಷಕರ ಹುದ್ದೆ, ಪಟಸಂಖ್ಯೆ ಇವುಗಳ ಮಾತೇ ಹೆಚ್ಚು. ಅವು ಬೇಕಾದ ಮಾತುಗಳೇ. ಇಂದು ನಾನು ಹೂವಿನ ಮಾತು ಎತ್ತಿದರೆ, ಗುರುಗಳಿಗೆ ಬೇರೆ ಕೆಲಸವಿಲ್ಲವೇ ಎಂದು ತಾವು ನಗಬಾರದು. ಒಂದು ಹೂವು ನನಗೇ ಪಾಠ ಕಲಿಸಿದೆ.

ದೀಪಾವಳಿ ಸೂಟಿಯಲ್ಲಿ ಐದನೆಯ ಇಯತ್ತೆಯ ಮಕ್ಕಳಿಗೆ ಒಂದು ಕೆಲಸ ಕೊಟ್ಟಿದ್ದೆ. ಅಂಗಳ, ಹೊಲದ ಬದು, ರಸ್ತೆಯ ಬದಿ, ಎಲ್ಲಿಯಾದರೂ ಕಂಡ ಐದು ಹೂಗಳ ಫೋಟೋ ತೆಗೆಯಬೇಕು. ಮನೆಯಲ್ಲಿ ಅದಕ್ಕೆ ಏನೆನ್ನುತ್ತಾರೋ ಆ ಹೆಸರು ಬರೆಯಬೇಕು. ತಂದೆಯ ಮೊಬೈಲೇ ಕ್ಯಾಮೆರಾ. ಬಹಳ ಮಕ್ಕಳು ದಾಸವಾಳ, ಚೆಂಡುಹೂ, ಸೇವಂತಿಗೆ ತಂದರು. ಒಬ್ಬ ಹುಡುಗಿ ಹುಲಜಂತಿ ಜಾತ್ರೆಗೆ ಹೋಗುವ ದಾರಿಯಲ್ಲಿ ಕಂಡ ಹಳದಿ ಹೂವಿನ ಫೋಟೋ ತಂದು, ಕೆಳಗೆ 'ಅವರಿಕಿ' ಎಂದು ಬರೆದಿದ್ದಳು. ಅವರೆಕಾಯಿಯ ಹೂವೆಂದು ತಪ್ಪು ತಿಳಿದಿದ್ದಾಳೆ ಎಂದುಕೊಂಡು ನಾನು ಕೆಂಪು ಶಾಯಿಯಲ್ಲಿ ಹೊಡೆದು 'ತರವಡ' ಎಂದು ತಿದ್ದಿದೆ.

ಮರುದಿನ ಅವಳ ಆಯಿ ಟೊಂಗೆ ಹಿಡಿದುಕೊಂಡೇ ಶಾಲೆಗೆ ಬಂದರು. "ಗುರುಗಳ, ಇದು ಅವರಿಕಿ ಅಲ್ಲಂದ್ರ ಮತ್ತೇನ್ರಿ? ಹಿಂದಕ ಇದರ ತೊಗಟಿ ಹಾಕಿ ತೊಗಲ ಹದಾ ಮಾಡತಿದ್ರು" ಎಂದರು. ನಿಘಂಟು ತೆಗೆದು ನೋಡಿದೆ. ಆವರಿಕೆ, ತಂಗಡಿ ಎಂದು ಕನ್ನಡದಲ್ಲಿ ಎರಡು ಹೆಸರು. ಮರಾಠಿಯ ತರವಡವೂ ಅದೇ ಗಿಡ. ಎಲ್ಲ ಮಕ್ಕಳ ಎದುರು ನನ್ನ ಕೆಂಪು ಗೆರೆಯನ್ನು ನಾನೇ ಹೊಡೆದುಹಾಕಿದೆ. ಬಿ.ಎಡ್. ಮಾಡಿದ ನನಗೆ ಮರಾಠಿ ಹೆಸರು ಗೊತ್ತಿತ್ತು, ನನ್ನ ಭಾಷೆಯ ಹೆಸರು ಗೊತ್ತಿರಲಿಲ್ಲ.

ಬಂಧುಗಳೇ, ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಮಾತೃಭಾಷೆಯ ಶಿಕ್ಷಣಕ್ಕೆ ಸೌಕರ್ಯ ಒದಗಿಸಲು ಯತ್ನಿಸಬೇಕೆಂದು ಸಂವಿಧಾನದ 350ಎ ಕಲಮು ಹೇಳುತ್ತದೆ. 1956ರಲ್ಲಿ ಸೇರಿದ ಕಲಮು ಅದು. ಪುಣೆಯ ಬಾಲಭಾರತಿ ಕನ್ನಡದಲ್ಲಿಯೂ ಪಠ್ಯಪುಸ್ತಕ ಹೊರತರುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಕಲಚುರಿಗಳ ರಾಜಧಾನಿಯಾಗಿದ್ದ ಈ ನೆಲದಲ್ಲಿ ಕನ್ನಡ ನಿನ್ನೆ ಮೊನ್ನೆ ಬಂದುದಲ್ಲ. ಇಷ್ಟೆಲ್ಲ ಇದ್ದರೂ 'ಆವರಿಕೆ' ಎಂಬ ಒಂದು ಶಬ್ದವನ್ನು ಮಗುವಿನ ಬಾಯಿಗೆ ತರುವ ಕೆಲಸ ಯಾವ ಕಲಮಿನಿಂದಲೂ ಆಗದು. ಅದು ಮನೆಯಲ್ಲಿಯೇ ಆಗಬೇಕು. ಹೂವಿನ ಹೆಸರು ಹೇಳುವ ಆಪ್‌ಗಳು ಮೊಬೈಲಿನಲ್ಲಿವೆ, ನಿಜ. ಆದರೆ ತಮ್ಮ ಊರಿನ ಹೆಸರನ್ನು ಹೇಳಬಲ್ಲವರು ತಮ್ಮ ಮನೆಯ ಹಿರಿಯರೇ.

ಆದ್ದರಿಂದ ನನ್ನ ಮನವಿ ಇಷ್ಟೇ. ವಾರಕ್ಕೊಮ್ಮೆ ಅರ್ಧ ತಾಸು ಮೊಬೈಲನ್ನು ಮಗುವಿನ ಕೈಗೆ ಕೊಟ್ಟು ಜೊತೆಗೆ ನಡೆಯಿರಿ. ಮುಂಜಾನೆಯ ಎಳೆಬಿಸಿಲು ಒಳ್ಳೆಯದು; ನಡುಹಗಲಿನಲ್ಲಿ ಹೂವಿನ ಬಣ್ಣ ಬಿಳಿಚುತ್ತದೆ. ಹೂವನ್ನು ಕೀಳುವುದು ಬೇಡ, ಮಗುವೇ ಬಗ್ಗಿ ಕೂಡಲಿ. ಒಂದು ಫೋಟೋ ಹೂವಿನದು, ಒಂದು ಎಲೆಯದು, ಒಂದು ಇಡೀ ಗಿಡದ್ದು ಇರಲಿ. ತಾರೀಖು, ಸ್ಥಳ, ಕನ್ನಡ ಹೆಸರು, ಪಕ್ಕದಲ್ಲಿ ಮರಾಠಿ ಹೆಸರು ಬರೆಯಲಿ. ಎಕ್ಕೆಗೆ ರುಯಿ, ಮುತ್ತುಗಕ್ಕೆ ಪಳಸ, ಜಾಲಿಗೆ ಬಾಭೂಳ, ಕುಸುಬೆಗೆ ಕರಡಈ. ಎರಡೂ ಹೆಸರು ಬಲ್ಲ ಮಗು ಎರಡೂ ಭಾಷೆಗಳಲ್ಲಿ ಗಟ್ಟಿಯಾಗುತ್ತದೆ. ಹಿಂಗಾರಿಯಲ್ಲಿ ನಮ್ಮ ಜೋಳದ ಹೊಲಗಳ ನಡುವೆ ಕುಸುಬೆ ಅರಳಿದಾಗ ನಿಂತು ನೋಡಿ: ಮೊದಲು ಹಳದಿ, ಬಾಡುತ್ತ ಕೆಂಪು.

ಎಚ್ಚರಿಕೆಯೂ ಬೇಕು. ಎಕ್ಕೆಯ ಹಾಲು ಕಣ್ಣಿಗೆ ತಾಗಬಾರದು. ಉಮ್ಮತ್ತಿ ವಿಷ. ಕಾಂಗ್ರೆಸ್ ಕಸ ಮುಟ್ಟಿದರೆ ಕೆಲವರಿಗೆ ಮೈ ತುರಿಸುತ್ತದೆ. ಇವುಗಳ ಫೋಟೋ ದೂರದಿಂದಲೇ ಸಾಕು.

ಹೆಸರು ಗೊತ್ತಾಗದಿದ್ದರೆ ನಾಚಿಕೆ ಬೇಡ. ಮನೆಯ ಆಯಿಯನ್ನು, ಮುತ್ಯಾನನ್ನು ಕೇಳಿರಿ. ಅವರು ಹೇಳಿದ್ದನ್ನು ಹಾಗೆಯೇ ಬರೆದು ಶಾಲೆಗೆ ಕಳಿಸಿರಿ. ಇನ್ನು ಮುಂದೆ ವಿಚಾರಿಸದೆ ನಾನು ಕೆಂಪು ಶಾಯಿ ಮುಟ್ಟುವುದಿಲ್ಲ.