ಭಿಕ್ಷೆಯಲ್ಲ, ಮುಯ್ಯಿ

(ಹಾಸ್ಟೆಲ್ ಗೆಳೆಯರ ಸಭೆಯಲ್ಲಿ ಆಡಿದ ಮಾತು. ನೆನಪಿದ್ದಷ್ಟನ್ನು ಬರೆದು ಕೊಟ್ಟಿದ್ದೇನೆ.)

ನನ್ನನ್ನು ಇಲ್ಲಿಗೆ ಕವಿತೆ ಓದೋದಕ್ಕೆ ಅಂತ ಕರೆದಿದ್ದೀರಿ. ಕವಿತೆ ಆಮೇಲೆ ಇದ್ದೇ ಇರ್ತದೆ. ಮೊದಲು ಲೆಕ್ಕ ಒಪ್ಪಿಸಬೇಕು. ಲೆಕ್ಕ ಕೊಡದವನ ಕವಿತೆಯನ್ನು ಯಾರೂ ನಂಬಬಾರದು.

ಎರಡು ತಿಂಗಳ ಹಿಂದೆ ನಾವು ಒಂದು ಬಿಸ್ಕತ್ತಿನ ಡಬ್ಬ ಹಿಡಿದು ಈ ಊರೆಲ್ಲ ತಿರುಗಿದ್ದು ನಿಮಗೆ ಗೊತ್ತು. ನಮ್ಮ ರೂಮಿನ ಗೆಳೆಯನ ಅವ್ವನಿಗೆ ಎರಡೂ ಕಿಡ್ನಿ ಕೆಲಸ ನಿಲ್ಲಿಸಿವೆ. ಆ ತಾಯಿಯ ಹೆಸರು ಹೇಳೋದಿಲ್ಲ. ಯಾಕೆ ಹೇಳೋದಿಲ್ಲ ಅನ್ನೋದೇ ಇವತ್ತಿನ ನನ್ನ ಅರ್ಧ ಮಾತು.

ಬಂದದ್ದು: ಹಾಸ್ಟೆಲ್ ಹುಡುಗರಿಂದ 6,240 ರೂಪಾಯಿ. ಕಾಲೇಜಿನ ಮೇಷ್ಟ್ರುಗಳು ಮತ್ತು ಆಫೀಸಿನವರಿಂದ 4,500. ಬಸ್ ಸ್ಟ್ಯಾಂಡಿನ ಡಬ್ಬದಿಂದ 2,815. ನಮ್ಮ ಅಡುಗೆಮನೆಯ ಇಬ್ಬರು ಅಕ್ಕಂದಿರಿಂದ 400. ಒಟ್ಟು 13,955.

ಹೋದದ್ದು: ವಾರಕ್ಕೆ ಎರಡು ಸಲದಂತೆ ಹದಿನಾರು ಸಲ ಡಯಾಲಿಸಿಸ್ ಆಯಿತು. ಜೊತೆಗೆ ಹೋದವರ ಬಸ್ ಚಾರ್ಜು 1,440. ಕ್ರಾಸಿನಿಂದ ಕೇರಿಗೆ ಆಟೋ 2,400. ಹೊರಗಡೆ ಚೀಟಿ ಬರೆದುಕೊಟ್ಟ ಇಂಜೆಕ್ಷನ್ನಿಗೆ 3,600. ಹೊರಗಡೆ ಮಾಡಿಸಿದ ರಕ್ತಪರೀಕ್ಷೆ, ಸ್ಕ್ಯಾನಿಂಗ್ 1,850. ಊಟ, ಟೀ 1,600. ಒಟ್ಟು 10,890. ಕೈಯಲ್ಲಿ ಉಳಿದಿರೋದು 3,065. ರಸೀದಿಗಳೆಲ್ಲ ಈ ಪುಸ್ತಕದೊಳಗಿವೆ. ಯಾರು ಬೇಕಾದರೂ ಬಂದು ನೋಡಬಹುದು.

ಈ ಲೆಕ್ಕದಲ್ಲಿ ಒಂದು ವಿಚಿತ್ರ ಇದೆ, ಗಮನಿಸಿದಿರಾ? ಡಯಾಲಿಸಿಸ್‌ಗೆ ಅಂತ ಒಂದು ರೂಪಾಯಿಯೂ ಇಲ್ಲ. ಅದು ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ. ಆ ತಾಯಿಯ ಬಸ್ ಚಾರ್ಜೂ ಇಲ್ಲ. 2023ರ ಜೂನ್‌ನಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆ. ಎಲ್ಲ ಪುಕ್ಕಟೆ ಇರುವ ಈ ಕಾಯಿಲೆ ಎರಡೇ ತಿಂಗಳಲ್ಲಿ ಹತ್ತು ಸಾವಿರ ತಿಂದುಹಾಕಿತು. ಅಪ್ಪನಿಗೆ ತಪ್ಪಿಹೋದ ಕೂಲಿಯನ್ನು ನಾವು ಬರೆದೇ ಇಲ್ಲ. ಅದು ಯಾವ ಪುಸ್ತಕದಲ್ಲೂ ಇರೋದಿಲ್ಲ.

ಈಗ ನಮ್ಮ ತಪ್ಪಿನ ಮಾತು. ಡಬ್ಬ ಹಿಡಿದ ಮೊದಲ ದಿನ ನಾವೊಂದು ಪೋಸ್ಟರ್ ಮಾಡಿದ್ದೆವು. ಆಸ್ಪತ್ರೆಯ ಮಂಚದ ಮೇಲೆ ಮಲಗಿದ್ದ ಆ ತಾಯಿಯ ಫೋಟೋ. ಕೈಯಲ್ಲಿ ಕೊಳವೆ, ಊದಿದ ಮುಖ. ಕೆಳಗೆ, ‘ದಯಾಳುಗಳೇ, ಈ ಬಡ ತಾಯಿಯನ್ನು ಉಳಿಸಿ’ ಅಂತ ಬರಹ. ಬರೆದವನು ನಾನೇ. ಕವಿ ಅಂತ ನನಗೇ ಆ ಕೆಲಸ ಒಪ್ಪಿಸಿದ್ದರು. ಬಸ್ ಸ್ಟ್ಯಾಂಡಿನ ಕಂಬಕ್ಕೆ ಅಂಟಿಸಿದ್ದೆವು. ಸಂಜೆ ಹೊತ್ತಿಗೆ ಗೆಳೆಯನ ಅಪ್ಪ ಊರಿಂದ ಇಳಿದರು. ಕಂಬ ನೋಡಿದರು. ಮಾತಾಡಲಿಲ್ಲ. ಹತ್ತಿರ ಹೋಗಿ ಉಗುರಿನಿಂದ ಆ ಕಾಗದವನ್ನು ಕೆರೆದು ಕೆರೆದು ತೆಗೆದರು. ಮಡಿಚಿ ಜೇಬಿಗೆ ಇಟ್ಟುಕೊಂಡರು. ಆಮೇಲೆ ಮಗನ ಕಡೆ ತಿರುಗಿ ಅಂದರು:

‘ಏನ್ಲಾ ಮಗ, ನಿಮ್ಮವ್ವುನ್ನ ತಂದು ಕಂಬಕ್ಕೆ ಅಂಟಿಸ್ಬುಟ್ಟಲ್ಲ. ನಾನು ಕೂಲಿ ಕೇಳಿವ್ನಿ ಕಣ್ಲಾ. ಭಿಕ್ಷ ಕೇಳಿಲ್ಲ.’

ಗೆಳೆಯರೆ, ಆವತ್ತು ರಾತ್ರಿ ನನಗೆ ಊಟ ಸೇರಲಿಲ್ಲ. ಓದಿದ ಹುಡುಗ ನಾನು. ಬಿ.ಎ. ಮಾಡಿದವನು. ‘ದಯಾಳುಗಳೇ’ ಅನ್ನೋ ಮಾತು ನನ್ನ ಪೆನ್ನಿಗೆ ಅಷ್ಟು ಸಲೀಸಾಗಿ ಹೇಗೆ ಬಂತು?

ಯೋಚನೆ ಮಾಡಿದೆ. ಕೈ ಚಾಚೋದು ಬೇರೆಯವರಿಗೆ ಒಂದು ದಿನದ ಕಷ್ಟ. ನಮಗೆ ಅದು ತಲೆಮಾರುಗಳ ಕಥೆ. ಊರಲ್ಲಿ ಮದುವೆಯಾದರೆ ನಮ್ಮ ಹಿರೀಕರು ಕುಕ್ಕೆ ಹಿಡಿದುಕೊಂಡು, ಎಲ್ಲರ ಊಟ ಆಗೋತನಕ ದೂರದಲ್ಲಿ ನಿಂತು, ಮಿಕ್ಕಿದ್ದಕ್ಕೆ ಕಾಯಬೇಕಾಗಿತ್ತು. ಬಾಯಾರಿದರೆ ಬೊಗಸೆ ಒಡ್ಡಬೇಕಾಗಿತ್ತು, ಮೇಲಿನಿಂದ ನೀರು ಹೊಯ್ಯುತ್ತಿದ್ದರು. ಆ ಬೊಗಸೆ ಮುಚ್ಚೋದಕ್ಕೆ ಎಷ್ಟು ಜನ ಎಷ್ಟು ವರ್ಷ ಬಡಿದಾಡಿದರು. ಆ ಅಪ್ಪ ಆ ಬೊಗಸೆಯನ್ನು ಮುಚ್ಚಿ ಮಗನನ್ನು ಹಾಸ್ಟೆಲಿಗೆ ಕಳಿಸಿದ್ದ. ನಾವು ಹೋಗಿ ಅದನ್ನು ಬಸ್ ಸ್ಟ್ಯಾಂಡಿನಲ್ಲಿ ತೆರೆದಿಟ್ಟೆವು.

ಹಾಗಾದರೆ ದುಡ್ಡು ಎತ್ತಬಾರದಾ? ಆ ತಾಯಿ ಸಾಯಲಿ ಅಂತ ಸ್ವಾಭಿಮಾನ ಹೇಳ್ತದಾ? ಇಲ್ಲ. ನಮ್ಮ ಕೇರಿಯಲ್ಲೇ ಇದಕ್ಕೆ ಬೇರೆ ದಾರಿ ಇದೆ. ನಾವು ಅದನ್ನು ಮರೆತಿದ್ದೆವು, ಅಷ್ಟೆ. ಅದರ ಹೆಸರು ಮುಯ್ಯಿ.

ನಿಮ್ಮ ಮನೆ ಮದುವೆಗೆ ಪಕ್ಕದ ಮನೆಯವನು ಐವತ್ತು ರೂಪಾಯಿ ಮುಯ್ಯಿ ಹಾಕ್ತಾನೆ. ಒಬ್ಬ ಕೂತು ಪುಸ್ತಕದಲ್ಲಿ ಬರೆದುಕೊಳ್ತಾನೆ. ಅವನ ಮನೆ ಮದುವೆಗೆ ನೀವು ಅದನ್ನು ತೀರಿಸ್ತೀರಿ. ನಾಟಿ, ಕಳೆ, ಕೊಯ್ಲಿಗೆ ಮುಯ್ಯಾಳು ಹೋಗ್ತೀವಿ. ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ಇದರಲ್ಲಿ ಕೊಡೋನು ದೊಡ್ಡವನಲ್ಲ, ತಗೊಳ್ಳೋನು ಸಣ್ಣವನಲ್ಲ. ಭಿಕ್ಷೆಗೆ ಪುಸ್ತಕ ಇರೋದಿಲ್ಲ. ಮುಯ್ಯಿಗೆ ಇರ್ತದೆ. ಎರಡಕ್ಕೂ ಇರೋ ವ್ಯತ್ಯಾಸ ಇದೇ.

ಬಾಬಾಸಾಹೇಬರೂ ಕೇಳಿದ್ದರು. 1920ರಲ್ಲಿ ಮುರಿದುಹೋದ ಓದು ಮುಂದುವರಿಸೋದಕ್ಕೆ ಲಂಡನ್ನಿಗೆ ಹೊರಟಾಗ ನವಲ್ ಭಠೇನಾ ಎಂಬ ಪಾರ್ಸಿ ಗೆಳೆಯನಿಂದ ಸಾಲ ಪಡೆದಿದ್ದರು. ಗೆಳೆಯನನ್ನು ಕೇಳೋದು ಅವಮಾನ ಅಂತ ಅವರು ತಿಳಿದಿರಲಿಲ್ಲ. ಅವರ ಐದು ಮಕ್ಕಳಲ್ಲಿ ನಾಲ್ವರು ಎಳವೆಯಲ್ಲೇ ಹೋದರು. ಕೊನೆಯ ಮಗು ರಾಜರತ್ನ 1926ರಲ್ಲಿ. ಬಹಳ ಕಾಲ ಕಾಯಿಲೆಯಲ್ಲಿ ನರಳಿದ ರಮಾಬಾಯಿ 1935ರ ಮೇ 27ರಂದು ತೀರಿಕೊಂಡರು. ಕಾಯಿಲೆಯ ಮನೆ ಹೇಗಿರುತ್ತದೆ ಅನ್ನೋದನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಇನ್ನೊಂದು ಕಥೆ, ನನ್ನ ಮನೆಯದು. ನನ್ನ ತಾತ ಹನ್ನೆರಡು ವರ್ಷದ ಹುಡುಗನಾಗಿದ್ದಾಗ ಅವರವ್ವನಿಗೆ ಜ್ವರ ಬಂದು ಇಳಿಯಲಿಲ್ಲ. ಅವರಪ್ಪ ಗೌಡರ ಹತ್ತಿರ ನೂರೈವತ್ತು ರೂಪಾಯಿ ತಂದರು. ಡಾಕ್ಟರು, ಮಂತ್ರವಾದಿ, ಗಾಡಿ ಬಾಡಿಗೆ, ಎಲ್ಲ ಆಯಿತು. ಆಕೆ ಉಳಿಯಲಿಲ್ಲ. ಹುಡುಗ ಜೀತಕ್ಕೆ ಹೋದ. ಸತ್ತವಳು ಸತ್ತಳು, ಸಾಲ ಬದುಕಿತು. 1975ರ ಅಕ್ಟೋಬರಿನಲ್ಲಿ ಸುಗ್ರೀವಾಜ್ಞೆ ಬಂದು, 1976ರಲ್ಲಿ ಜೀತ ರದ್ದಿನ ಕಾಯ್ದೆ ಆಗೋತನಕ ಅದು ಬದುಕಿಯೇ ಇತ್ತು. ಮದುವೆ, ತಿಥಿ, ಕಾಯಿಲೆ: ಜೀತದ ಮನೆಗೆ ಇವು ಮೂರೇ ಬಾಗಿಲು. ಕಾಯಿಲೆಯ ಬಾಗಿಲು ಇವತ್ತಿಗೂ ಮುಚ್ಚಿಲ್ಲ. ಗೌಡರ ಜಾಗದಲ್ಲಿ ಈಗ ವಾರದ ಸಾಲದವರು ಮೋಟರ್ ಸೈಕಲ್ ಮೇಲೆ ಬರ್ತಾರೆ. ಅವರ ಬಲವಂತದ ವಸೂಲಿ ತಡೆಯೋದಕ್ಕೆ ನಮ್ಮ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತರಬೇಕಾಯಿತು. ಹೀಗಾಗಿ ಹುಡುಗರು ಎತ್ತುವ ಹದಿಮೂರು ಸಾವಿರವನ್ನು ಬರೀ ಕರುಣೆ ಅಂತ ತಿಳಿಯಬೇಡಿ. ಅದು ಒಂದು ಮನೆಯನ್ನು ಸಾಲದಿಂದ ಎರಡು ತಿಂಗಳು ದೂರ ಇಡ್ತದೆ.

ಆದರೆ ಡಬ್ಬಕ್ಕೆ ಮೊದಲು ಹಕ್ಕು. ಇದನ್ನು ತಲೆಯಲ್ಲಿ ಇಟ್ಟುಕೊಳ್ಳಿ. ದುಡ್ಡಿಲ್ಲ ಅನ್ನೋ ಕಾರಣಕ್ಕೆ ಯಾರಿಗೂ ಚಿಕಿತ್ಸೆ ತಪ್ಪಬಾರದು ಅಂತ ಭೋರ್ ಸಮಿತಿ 1946ರಲ್ಲೇ, ಸ್ವಾತಂತ್ರ್ಯ ಬರೋದಕ್ಕೂ ಮುಂಚೆ, ಬರೆದಿತ್ತು. ಬರೆದದ್ದು ಕಾಗದದಲ್ಲಿ ಉಳಿಯಿತು.

1992ರ ಜುಲೈನಲ್ಲಿ ಪಶ್ಚಿಮ ಬಂಗಾಳದ ಹಕೀಂ ಶೇಖ್ ಎಂಬ ಕೂಲಿಕಾರ ರೈಲಿನಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡ. ಕಲ್ಕತ್ತೆಯ ಒಂದೊಂದೇ ಸರ್ಕಾರಿ ಆಸ್ಪತ್ರೆ, ಬೆಡ್ ಇಲ್ಲ, ಮಿಷನ್ ಇಲ್ಲ ಅಂತ ಅವನನ್ನು ಮುಂದಕ್ಕೆ ತಳ್ಳಿತು. ಕೊನೆಗೆ ಖಾಸಗಿ ಆಸ್ಪತ್ರೆಯಲ್ಲಿ ಹದಿನೇಳು ಸಾವಿರ ರೂಪಾಯಿ ಕಳಕೊಂಡು ಬದುಕಿದ. ಅವನ ಕೂಲಿಕಾರರ ಸಂಘ ಸುಮ್ಮನೆ ಚಂದಾ ಎತ್ತಿ ಮನೆಗೆ ಹೋಗಲಿಲ್ಲ. ಅವನ ಜೊತೆ ಸುಪ್ರೀಂ ಕೋರ್ಟಿಗೆ ಹೋಯಿತು. 1996ರ ಮೇ ತಿಂಗಳಲ್ಲಿ ತೀರ್ಪು ಬಂತು. ತುರ್ತು ಚಿಕಿತ್ಸೆ ಕೊಡದೆ ಕಳಿಸೋದು ಸಂವಿಧಾನದ 21ನೇ ವಿಧಿ ಕೊಟ್ಟ ಬದುಕುವ ಹಕ್ಕಿನ ಉಲ್ಲಂಘನೆ, ಹಣವಿಲ್ಲ ಅಂತ ಸರ್ಕಾರ ತಪ್ಪಿಸಿಕೊಳ್ಳುವ ಹಾಗಿಲ್ಲ, ಅವನಿಗೆ 25,000 ಪರಿಹಾರ ಕೊಡಬೇಕು ಅಂತ. ಒಬ್ಬ ಕೂಲಿಯವನ ಒಡೆದ ತಲೆಯಿಂದ ಇಡೀ ದೇಶಕ್ಕೆ ಒಂದು ಹಕ್ಕು ಬಂತು.

2016ರಿಂದ ಬಡವರಿಗೆ ಜಿಲ್ಲಾ ಆಸ್ಪತ್ರೆಗಳಲ್ಲಿ ಪುಕ್ಕಟೆ ಡಯಾಲಿಸಿಸ್ ಕೊಡುವ ರಾಷ್ಟ್ರೀಯ ಕಾರ್ಯಕ್ರಮ ಇದೆ. 2018ರಿಂದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆ ಇದೆ. ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ. ಇವು ಇರೋದು ನಿಜ. ಕ್ಯೂ ಇರೋದೂ ನಿಜ, ಮಿಷನ್ ಕೆಡೋದೂ ನಿಜ, ‘ಈ ಇಂಜೆಕ್ಷನ್ ಸ್ಟಾಕ್ ಇಲ್ಲ, ಹೊರಗೆ ತನ್ನಿ’ ಅನ್ನೋದೂ ನಿಜ. ಹೊರಗೆ ಬರೆದುಕೊಟ್ಟ ಪ್ರತಿ ಚೀಟಿಯನ್ನೂ ನಾವು ಇಟ್ಟುಕೊಂಡಿದ್ದೇವೆ. ಮುಂದಿನ ವಾರ ಅವನ್ನೆಲ್ಲ ಲಗತ್ತಿಸಿ ಆಸ್ಪತ್ರೆಯ ಮುಖ್ಯಸ್ಥರಿಗೆ ಅರ್ಜಿ ಕೊಡ್ತೇವೆ. ನೀವೂ ಸಹಿ ಹಾಕಬೇಕು.

ಈಗ ಕೆಲಸದ ಮಾತು. ನಾಳೆ ನಿಮ್ಮಲ್ಲಿ ಯಾರ ಮನೆಗಾದರೂ ಇದು ಬರಬಹುದು. ನಾವು ಏಟು ತಿಂದು ಕಲಿತದ್ದನ್ನು ಹೇಳ್ತೇನೆ.

ಮೊದಲು ಕಾಗದ. ರೇಷನ್ ಕಾರ್ಡು, ಆಧಾರ್, ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ. ಇವಿಲ್ಲದೆ ಖಾಸಗಿ ಆಸ್ಪತ್ರೆಯ ಮೆಟ್ಟಿಲು ಹತ್ತಬೇಡಿ. ಜೀವ ಹೋಗುವ ತುರ್ತಾದರೆ ಮಾತ್ರ ಬೇರೆ ಮಾತು. ಅವರೆಲ್ಲ ಹೆಬ್ಬೆಟ್ಟಿನವರು. ಫಾರಂ ತುಂಬೋದು ನಮ್ಮ ಕೆಲಸ. ಓದಿದ್ದಕ್ಕೆ ಇಷ್ಟಾದರೂ ಉಪಯೋಗ ಬೇಡವೆ?

ಎರಡನೆಯದು, ಲೆಕ್ಕ. ಮೂರು ಜನರ ಕೈಯಲ್ಲಿ ಇರಲಿ. ಒಬ್ಬ ದುಡ್ಡು ಇಡಬೇಕು, ಒಬ್ಬ ಬರೆಯಬೇಕು, ಒಬ್ಬ ನೋಡಬೇಕು. ನಮ್ಮ ಹುಡುಗರ ಮೇಲೆ ಕಳ್ಳತನದ ಮಾತು ಹುಟ್ಟಿಸೋದಕ್ಕೆ ಜನ ಕಾಯ್ತಾ ಇರ್ತಾರೆ. ಒಂದು ರೂಪಾಯಿಗೂ ಅವಕಾಶ ಕೊಡಬೇಡಿ.

ಮೂರನೆಯದು, ಕಾಯಿಲೆಯವರ ಮುಖ ಮಾರಬೇಡಿ. ಅವರನ್ನು ಕೇಳದೆ ಫೋಟೋ ಬೇಡ, ಹೆಸರು ಬೇಡ. ‘ದಯೆ ತೋರಿ’ ಅಂತ ಬರೆಯಬೇಡಿ. ಎರಡನೇ ದಿನ ನಾವು ಬರೀ ಹೀಗೆ ಬರೆದೆವು: ‘ನಮ್ಮ ಗೆಳೆಯನ ತಾಯಿಗೆ ಡಯಾಲಿಸಿಸ್. ನಮ್ಮ ಪಾಲು ಹಾಕಿದ್ದೇವೆ. ನಿಮ್ಮ ಪಾಲು ಹಾಕಿ. ಲೆಕ್ಕ ಕೊಡುತ್ತೇವೆ.’ ಡಬ್ಬಕ್ಕೆ ಬಿದ್ದ ದುಡ್ಡು ಕಡಿಮೆಯಾಗಲಿಲ್ಲ.

ನಾಲ್ಕನೆಯದು, ದುಡ್ಡಿಲ್ಲದವನು ರಕ್ತ ಕೊಡಬಹುದು. ಹದಿನೆಂಟು ತುಂಬಿ, ನಲವತ್ತೈದು ಕೆ.ಜಿ. ತೂಕ ಇದ್ದು, ಆರೋಗ್ಯವಾಗಿದ್ದರೆ ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ಕೊಡಬಹುದು. 1998ರ ಜನವರಿಯಿಂದ ಈ ದೇಶದಲ್ಲಿ ರಕ್ತ ಮಾರುವಂತಿಲ್ಲ. ಅದಕ್ಕೆ ಮೊದಲು ಮಾರುತ್ತಿದ್ದವರು ಬಡವರೇ. ಕಿಡ್ನಿಯ ಮಾರಾಟವೂ 1994ರ ಕಾಯ್ದೆಯಂತೆ ಅಪರಾಧ. ದಲ್ಲಾಳಿ ಬಂದು ಆಸೆ ತೋರಿಸಿದರೆ ಅಲ್ಲೇ ನಿಲ್ಲಿಸಿ.

ಐದನೆಯದು ಎಲ್ಲಕ್ಕಿಂತ ದೊಡ್ಡದು. ಅದಕ್ಕೆ ದುಡ್ಡೇ ಬೇಡ. ಡಯಾಲಿಸಿಸ್ ಅಂದರೆ ಒಂದು ಸಲಕ್ಕೆ ನಾಲ್ಕು ಗಂಟೆ ಮಂಚ. ಜೊತೆಗೆ ಕೂರೋದಕ್ಕೆ ಅಪ್ಪ ಬಂದರೆ ಅವತ್ತಿನ ಕೂಲಿ ಹೋಯಿತು. ಮೊದಲ ತಿಂಗಳು ಎಂಟು ಕೂಲಿ ಹೋಯಿತು. ಎರಡನೇ ತಿಂಗಳು ನಾವು ಪಾಳಿ ಹಾಕಿಕೊಂಡೆವು. ಬೆಳಿಗ್ಗೆ ಆ ತಾಯಿ ಬಸ್ಸಿನಲ್ಲಿ ಬರ್ತಾಳೆ. ಪಾಳಿಯವನು ಬಸ್ ಸ್ಟ್ಯಾಂಡಿಂದ ಕರೆದುಕೊಂಡು ಹೋಗಿ, ಮಂಚದ ಪಕ್ಕ ಕೂತು ಓದಿಕೊಂಡು, ಸಂಜೆ ಕೇರಿಗೆ ಬಿಟ್ಟು ಬರ್ತಾನೆ. ಅಪ್ಪನಿಗೆ ಕೂಲಿ ಉಳಿಯಿತು. ಮುಯ್ಯಾಳು ಅಂದರೆ ಇದೇ.

ಒಂದು ಎಚ್ಚರಿಕೆ. ನಮ್ಮ ಹುಡುಗನೊಬ್ಬ ಪ್ರೀತಿಯಿಂದ ಎಳನೀರು ತಗೊಂಡು ಹೋಗಿದ್ದ. ನರ್ಸಮ್ಮ ಬೈದು ಕಳಿಸಿದರು. ಎಳನೀರು, ಬಾಳೆಹಣ್ಣಿನಲ್ಲಿ ಪೊಟ್ಯಾಸಿಯಂ ಹೆಚ್ಚು. ಕಿಡ್ನಿ ನಿಂತವರ ಮೈಯಿಂದ ಅದು ಹೊರಗೆ ಹೋಗೋದಿಲ್ಲ, ಎದೆಬಡಿತವನ್ನೇ ನಿಲ್ಲಿಸಬಹುದು. ನೀರಿಗೂ ಅಳತೆ ಇದೆ. ಡಾಕ್ಟರನ್ನು ಕೇಳದೆ ಏನೂ ಕೊಡಬೇಡಿ. ಪ್ರೀತಿಗೂ ತಿಳಿವಳಿಕೆ ಬೇಕು.

ಸುಳ್ಳು ಹೇಳಿ ನಿಮ್ಮನ್ನು ಹುರಿದುಂಬಿಸೋದಿಲ್ಲ. ಡಯಾಲಿಸಿಸ್‌ನಿಂದ ಆ ತಾಯಿಗೆ ಗುಣ ಆಗೋದಿಲ್ಲ. ಬೇರೆ ಕಿಡ್ನಿ ಹಾಕೋತನಕ, ಇಲ್ಲ ಜೀವ ಇರೋತನಕ ಅದು ನಡೀತಾ ಇರಬೇಕು. ನಮ್ಮ ಡಬ್ಬ ಅಷ್ಟು ದೂರ ಬರೋದಿಲ್ಲ. ಅದಕ್ಕೇ ಅರ್ಜಿ, ಅದಕ್ಕೇ ಹಕ್ಕಿನ ಮಾತು. ನಮ್ಮ ಗೆಳೆಯ ಮೊದಲ ವಾರ ಟ್ರಂಕು ಕಟ್ಟಿದ್ದ. ‘ಓದು ಬಿಡ್ತೀನಿ ಕಣ್ರೋ, ಗಾರೆ ಕೆಲಸಕ್ಕೆ ಹೋಗ್ತೀನಿ’ ಅಂದ. ಆ ಟ್ರಂಕು ಇವತ್ತೂ ಮಂಚದ ಕೆಳಗೇ ಇದೆ. ಅವನು ಪರೀಕ್ಷೆ ಫೀಸು ಕಟ್ಟಿದ್ದಾನೆ. ನಾವು ಗೆದ್ದದ್ದು ಏನಾದರೂ ಇದ್ದರೆ ಸದ್ಯಕ್ಕೆ ಇಷ್ಟೇ.

ಹೋದ ವಾರ ಅವನ ಅಪ್ಪ ಹಾಸ್ಟೆಲಿಗೆ ಬಂದಿದ್ದರು. ಹೆಗಲ ಮೇಲೆ ಒಂದು ಚೀಲ ಅವರೆಕಾಯಿ. ಅಡುಗೆಮನೆ ಬಾಗಿಲಲ್ಲಿ ಇಳಿಸಿ, ‘ಎಲ್ಲಪ್ಪ ಆ ಲೆಕ್ಕದ ಪುಸ್ತಕ? ಇದನ್ನೂ ಬರ್ಕೊಳ್ಳಿ’ ಅಂದರು. ಬರೆದಿದ್ದೇವೆ. ನೋಡಿ, ಇಲ್ಲಿದೆ. ಬಂದದ್ದು: ಅವರೆಕಾಯಿ, ಒಂದು ಚೀಲ.

ಆವತ್ತು ರಾತ್ರಿ ನೀವೆಲ್ಲ ಉಂಡ ಸಾರು ಅದೇ.

ಉಳಿದ 3,065 ರೂಪಾಯಿ ಈ ತಿಂಗಳಿಗೆ ಸಾಲದು. ಪುಸ್ತಕ ಬಾಗಿಲ ಹತ್ತಿರ ಇಟ್ಟಿರ್ತೇನೆ. ದುಡ್ಡಿದ್ದವರು ದುಡ್ಡು ಬರೆಯಿರಿ, ಇಲ್ಲದವರು ದಿನ ಬರೆಯಿರಿ. ಮಂಗಳವಾರಕ್ಕೆ ಜನ ಸಿಕ್ಕಿದ್ದಾರೆ. ಶುಕ್ರವಾರದ ಪಾಳಿ ಖಾಲಿ ಇದೆ. ಯಾರು ಬರ್ತೀರಿ?